ಹೊಲದಲ್ಲಿ ಬಸ್ಸಿನ ಮನೆ: ಪರವಾನಗಿ ಪಡೆದ ನನ್ನ ಅನುಭವ

ಕಮಲಾಪುರ ತಾಲ್ಲೂಕಿನ ನಮ್ಮ ಹೊಲದಲ್ಲಿ ಹಳೆಯ ಶಾಲಾ ಬಸ್ಸೊಂದು ತೋಟದ ಮನೆಯಾಗಿ ನಿಂತಿದೆ, ಅದಕ್ಕೆ ಗ್ರಾಮ ಪಂಚಾಯಿತಿಯ ಲಿಖಿತ ಪರವಾನಗಿಯೂ ಇದೆ. ಆಗದ ಕೆಲಸವೆಂದು ನಕ್ಕವರೇ ಈಗ ಕಡತದ ನಕಲು ಕೇಳಿಕೊಂಡು ಬರುತ್ತಿರುವುದರಿಂದ ಇದನ್ನು ಬರೆದಿದ್ದೇನೆ.

'ಗಾಲಿ ಇದ್ದ ಮ್ಯಾಲ ಅದಕ್ಯಾತರ ಪರವಾನಿಗಿ, ಕಾಕಾ?' ಎಂಬುದು ಊರಿನ ಹುಡುಗರ ವಾದವಾಗಿತ್ತು. ಆದರೆ ಗಾಲಿಯ ಹೆಸರಿನಲ್ಲಿ ವಾಹನವೆಂದು ಉಳಿಸಿಕೊಂಡರೆ ತೆರಿಗೆ, ವಿಮೆ, ಫಿಟ್‌ನೆಸ್ ಎಲ್ಲವೂ ಬೆನ್ನಿಗಿರುತ್ತವೆ. ಸೀಟು ಕಿತ್ತು ಮಂಚ ಮತ್ತು ಅಡುಗೆ ಕಟ್ಟೆ ಕೂರಿಸಿದರೆ ವಾಹನದ ಸ್ವರೂಪ ಬದಲಿಸುವುದನ್ನು ನಿರ್ಬಂಧಿಸುವ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಕಲ್ಲಿನ ಮೇಲೆ ಏರಿಸಿ ನಿಲ್ಲಿಸಿದ ಮರುದಿನವೇ ಅದನ್ನು ಕಟ್ಟಡವೆಂದು ಕರೆಯಲು ಇನ್ನೊಂದು ಇಲಾಖೆ ಸಿದ್ಧವಾಗಿರುತ್ತದೆ. ಆದ್ದರಿಂದ ನಾನು ಮೊದಲೇ ಅದನ್ನು ಕಟ್ಟಡವೆಂದು ಒಪ್ಪಿಕೊಂಡು ಹೊರಟೆ, ಗೆದ್ದದ್ದೂ ಅದರಿಂದಲೇ.

ಸಾರಿಗೆ ನಿಗಮದ ಬಸ್ಸಿನ ಆಸೆಯನ್ನು ಆರಂಭದಲ್ಲಿಯೇ ಬಿಟ್ಟಿದ್ದೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಖಾಸಗಿ ಶಾಲೆಯ ಬಸ್ಸು ಸುಮಾರು ಒಂದೂವರೆ ಲಕ್ಷಕ್ಕೆ ಸಿಕ್ಕಿತು. ಅದನ್ನು ಹೊಲದವರೆಗೆ ಓಡಿಸಿಕೊಂಡು ತಂದು, ಎಂಜಿನ್ ಇಳಿಸಿದ ಮೇಲೆ ಅದೇ ಕಾಯ್ದೆಯ 55ನೇ ಕಲಮಿನಂತೆ ಹದಿನಾಲ್ಕು ದಿನದೊಳಗೆ ಆರ್.ಸಿ. ಒಪ್ಪಿಸಿ ನೋಂದಣಿ ರದ್ದು ಮಾಡಿಸಿದೆ. ಈ ಕ್ರಮವನ್ನು ಹಿಂದುಮುಂದು ಮಾಡಿದವರು ಟ್ರೇಲರ್ ಬಾಡಿಗೆಗೆ ಇಪ್ಪತ್ತು ಸಾವಿರದ ಆಚೆ ತೆತ್ತಿದ್ದಾರೆ. ಹಳೆಯ ಮಾಲೀಕರ ತೆರಿಗೆ ಬಾಕಿ ಹನ್ನೊಂದು ಸಾವಿರದಷ್ಟಿತ್ತು. ಚೌಕಾಸಿಯ ಹೊತ್ತಿಗೇ ಅದನ್ನು ಬೆಲೆಯಿಂದ ಕಳೆಸಿದ್ದೆ.

ಹಣ ಮತ್ತು ತಾಳ್ಮೆ ಎರಡೂ ಕರಗಿದ್ದು ಭೂಮಿಯ ಕಾಗದಗಳಲ್ಲಿ. ನಾಲ್ಕು ಗುಂಟೆಯನ್ನಷ್ಟೇ ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಿರೆಂದು ಎಲ್ಲರೂ ಹೇಳಿದರು. ನಮ್ಮದು ಅಣ್ಣತಮ್ಮಂದಿರ ಜಂಟಿ ಪಹಣಿ, ಪೋಡಿ (ಪಾಲುಗಳನ್ನು ಅಳೆದು ಬೇರೆ ಮಾಡುವುದು) ಆಗಿರಲಿಲ್ಲ, ಭಾಗಶಃ ಪರಿವರ್ತನೆಗೆ 11ಇ ನಕ್ಷೆ (ಬೇರ್ಪಡುವ ಭಾಗದ ಅಳತೆ ನಕ್ಷೆ) ಬೇಕು, ನಕ್ಷೆಗೆ ಬಂದ ಭೂಮಾಪಕರಿಗೆ ಬಾಂದಿನ ಕಲ್ಲು ಸಿಗಲಿಲ್ಲ. ಅರ್ಜಿ ತಿರಸ್ಕೃತವಾಗುವ ಹೊತ್ತಿಗೆ ಮಧ್ಯವರ್ತಿಯ ಖರ್ಚೂ ಸೇರಿ ಮೂವತ್ತೈದು ಸಾವಿರ ಹೋಗಿತ್ತು. ಆಗ ಭೂ ಕಂದಾಯ ಕಾಯ್ದೆಯ 95ನೇ ಕಲಮನ್ನು ನಾನೇ ಕುಳಿತು ಓದಿದೆ. ಸಾಗುವಳಿ ಮಾಡುವವನು ತನ್ನ ಹಿಡುವಳಿಯ ಶೇ. 10ರೊಳಗೆ, ನಿಗದಿತ ಗರಿಷ್ಠ ಮಿತಿ ಮೀರದಂತೆ, ಪರಿವರ್ತನೆ ಇಲ್ಲದೆಯೇ ತೋಟದ ಮನೆ ಕಟ್ಟಿಕೊಳ್ಳಬಹುದು. ನನ್ನ ಪಾಲು ಮೂರೂವರೆ ಎಕರೆ, ಅಂದರೆ 140 ಗುಂಟೆ, ಅದರ ಶೇ. 10 ಎಂದರೆ 14 ಗುಂಟೆ. ಗುಂಟೆಗೆ 1,089 ಚದರ ಅಡಿ. 35 ಅಡಿ ಉದ್ದ, 8 ಅಡಿ ಅಗಲದ ಬಸ್ಸು ಕಾಲು ಗುಂಟೆಗಿಂತ ಸ್ವಲ್ಪ ಹೆಚ್ಚು.

ಸಹೋದರರ ಒಪ್ಪಿಗೆ ಪತ್ರದೊಂದಿಗೆ ಪಂಚಾಯಿತಿಗೆ ಅರ್ಜಿ ಕೊಟ್ಟಾಗ 'ಬಸ್ಸಿಗೆ ಪರವಾನಗಿ ಕೊಡಲು ಅವಕಾಶವಿಲ್ಲ' ಎಂಬ ಒಂದು ಸಾಲಿನ ಹಿಂಬರಹ ಬಂತು. ಎರಡನೆಯ ಅರ್ಜಿಯಲ್ಲಿ ಎಂಜಿನಿಯರರ ನಕ್ಷೆ, ತಳಪಾಯದ ಅಳತೆ, ಉಕ್ಕಿನ ಚೌಕಟ್ಟಿನ ವಿವರ, ನೋಂದಣಿ ರದ್ದಾದ ಪತ್ರ ಮತ್ತು ಬಸ್ಸಿನ ಫೋಟೋ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಲಗತ್ತಿಸಿದೆ. ಅಲ್ಲಿ ವಾಹನವೇ ಉಳಿದಿರಲಿಲ್ಲವಾದ್ದರಿಂದ ಆಕ್ಷೇಪಕ್ಕೂ ಆಧಾರ ಉಳಿಯಲಿಲ್ಲ. ಮುಖಪತ್ರದ ಒಕ್ಕಣೆಯೂ ಕೆಲಸ ಮಾಡಿತೆಂದು ನನ್ನ ನಂಬಿಕೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯ ಪಕ್ಕದ ಹೊಲದವರು ರಸ್ತೆಯ ನಡುವಿನಿಂದ 40 ಮೀಟರ್ ಬಿಟ್ಟೇ ನಕ್ಷೆ ಬರೆಸಬೇಕು. ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶದೊಳಗಿನ ಹೊಲವಾದರೆ ಲೆಕ್ಕವೇ ಬೇರೆ.

ಪರವಾನಗಿಯಲ್ಲಿ ತಳಪಾಯದ ಅಳತೆ ಬರೆದದ್ದರಿಂದ ಅದನ್ನು ಗಟ್ಟಿಯಾಗಿಯೇ ಹಾಕಬೇಕಾಯಿತು. ಆರಂಭದಲ್ಲಿ ಕಾಂಕ್ರೀಟ್ ಬ್ಲಾಕುಗಳ ಮೇಲೆ ನಿಲ್ಲಿಸಿದ್ದಾಗ ಮೊದಲ ಮಳೆಗೇ ಕರಿಮಣ್ಣು ಉಬ್ಬಿ, ಹಿಂಭಾಗ ಒಂದು ಗೇಣು ವಾಲಿತ್ತು. ನಾಲ್ಕು ಅಡಿ ಅಗೆದು, ಮೊರಂ ತುಂಬಿ ದಮ್ಮಸು ಮಾಡಿ, ಮೇಲೆ ಶಹಾಬಾದ್ ಕಲ್ಲು ಹಾಸಿದ ಬಳಿಕ ಅಲುಗಿಲ್ಲ. ಕ್ರೇನೂ ಸೇರಿ ಅರವತ್ತು ಸಾವಿರವಾಯಿತು. ಬೇಸಿಗೆಯಲ್ಲಿ ತಗಡು ಕಾದು ಒಳಗೆ 46 ಡಿಗ್ರಿ ತೋರಿಸುತ್ತಿತ್ತು. ಛಾವಣಿಗೆ ಸುಣ್ಣ ಬಳಿದಾಗ ಎರಡು ಮೂರು ಡಿಗ್ರಿ ಇಳಿಯಿತು. ಜೋಳದ ಕಣಕಿ ಹೊದಿಸಿದಾಗ ಇನ್ನಷ್ಟು ತಂಪಾಯಿತಾದರೂ ಇಲಿಗಳು ಸಂಸಾರ ಹೂಡಿದವು. ಈಗ ಒಂದು ಅಡಿ ಎತ್ತರದಲ್ಲಿ ಪ್ರತ್ಯೇಕ ತಗಡಿನ ಚಪ್ಪರವಿದ್ದು, ಅದರ ಮೇಲೆ ಸೌರ ಫಲಕಗಳಿವೆ. ಪಂಪ್‌ಸೆಟ್ಟಿನ ವಿದ್ಯುತ್ತನ್ನು ಮನೆಗೆ ಎಳೆಯುವಂತಿಲ್ಲ, ಅದಕ್ಕೆ ಬೇರೆಯೇ ಸಂಪರ್ಕ ಬೇಕಾಗುತ್ತದೆ.

ಎಲ್ಲ ಸೇರಿ ಐದೂವರೆ ಲಕ್ಷದ ಆಸುಪಾಸು ಆಗಿದೆ. ಇದನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಿ ಎಂದು ಕಲಬುರಗಿಯ ಸ್ನೇಹಿತರು ಒತ್ತಾಯಿಸುತ್ತಾರೆ. ಹಣ ಪಡೆದು ಅತಿಥಿಗಳನ್ನು ಇರಿಸಿಕೊಂಡರೆ ಅದು ಕೃಷಿಯೇತರ ಬಳಕೆಯಾಗುವುದರಿಂದ ಮತ್ತೆ ಎನ್.ಎ. ಬೇಕು. ಅದಕ್ಕಾಗಿ ಅಣ್ಣಂದಿರೊಂದಿಗೆ ಪೋಡಿ ಅರ್ಜಿ ಹಾಕಿದ್ದೇನೆ, ಅಳತೆಯ ದಿನಾಂಕ ಇನ್ನೂ ಬರಬೇಕಿದೆ.