ಜಿಂಕೆ, ಟರ್ಕಿ ಕೋಳಿ ಮೌಂಟ್ ಮಾಡಿಸ್ತೀರಾ? ಅಂಗಡಿಗೆ ಹೋಗುವ ಮೊದಲೇ ಅರ್ಧ ಕೆಲಸ ನಿಮ್ಮದು

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಒಂಬತ್ತು ದಿನದ ಗನ್ ಸೀಸನ್, ಅಂದರೆ ಬಂದೂಕಿನಲ್ಲಿ ಜಿಂಕೆ ಬೇಟೆಯಾಡುವ ಕಾಲ, ಶುರುವಾಗುತ್ತದೆ. ಆಫೀಸಿನವರ ಜೊತೆ ಲೈಸೆನ್ಸ್ ತೆಗೆದುಕೊಂಡು ಹೋಗುವ ನಮ್ಮ ಕನ್ನಡದವರೂ ಇದ್ದಾರೆ. ಭಾರತದಲ್ಲಿ ಬೇಟೆಗೆ ಕಡಿವಾಣ ಹಾಕಿದ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇದನ್ನೆಲ್ಲ ನೋಡಿ ಕಲಿಯುವ ದಾರಿಯೇ ಇಲ್ಲ, ಇಲ್ಲೇ ಹೊಸದಾಗಿ ಕಲಿಯಬೇಕು. ಮೊದಲ ದೊಡ್ಡ ಬಕ್ (ಗಂಡು ಜಿಂಕೆ) ಸಿಕ್ಕ ಖುಷಿಯಲ್ಲಿ ಫೋಟೋ ತೆಗೆದು, ಪಿಕಪ್ ಹಿಂದೆ ಹಾಕಿಕೊಂಡು ಊರೆಲ್ಲ ತೋರಿಸಿ, ಎರಡು ದಿನ ಬಿಟ್ಟು ಟ್ಯಾಕ್ಸಿಡರ್ಮಿಸ್ಟ್ (ಪ್ರಾಣಿಯ ಚರ್ಮವನ್ನು ಅಚ್ಚಿನ ಮೇಲೆ ಹೊದಿಸಿ, ಜೀವಂತದಂತೆ ಕಾಣುವ ಮೌಂಟ್ ಮಾಡಿಕೊಡುವವರು) ಹತ್ತಿರ ಒಯ್ಯುತ್ತಾರೆ. ಅವರು ಕಿವಿಯ ಬುಡದಲ್ಲಿ ಮೆಲ್ಲಗೆ ಎಳೆದು ನೋಡುತ್ತಾರೆ, ಕೂದಲು ಕೈಗೇ ಬರುತ್ತದೆ. ಇದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಷ್ಟಾದ ಮೇಲೆ ಯಾವ ಕಲಾವಿದನೂ ಏನೂ ಮಾಡಲಾರ.

1. ಟ್ಯಾಕ್ಸಿಡರ್ಮಿಸ್ಟ್‌ನ್ನು ಸೀಸನ್‌ಗೆ ಮೊದಲೇ ಹುಡುಕಿ

ಅಂಗಡಿಗೆ ಹೋಗಿ ಗೋಡೆ ನೋಡಿ. ಕಣ್ಣಿನ ಸುತ್ತ, ಮೂಗಿನ ಹೊಳ್ಳೆ, ಕಿವಿಯ ಅಂಚು, ಈ ಮೂರು ಸಾಕು. ಹೊಸ ಮೌಂಟ್ ಎಲ್ಲವೂ ಚೆನ್ನಾಗೇ ಕಾಣುತ್ತದೆ, ಆದ್ದರಿಂದ ಹಳೆಯದನ್ನು ತೋರಿಸಿ ಅನ್ನಿ. ಚರ್ಮವನ್ನು ಹದ ಮಾಡಿಸುತ್ತೀರಾ ಅಥವಾ ಕೆಡದಂತೆ ಬರೀ ಪೌಡರ್ ಹಚ್ಚುತ್ತೀರಾ ಅಂತ ಕೇಳಿ. ಪೌಡರ್ ಅಗ್ಗ, ಕೆಲಸವೂ ಬೇಗ. ಆದರೆ ಹದ ಮಾಡದ ಚರ್ಮ ಒಣಗುತ್ತಾ ಎಳೆದುಕೊಂಡು ಹೊಲಿಗೆ ಬಿಡುವುದನ್ನು ಕಂಡ ಮೇಲೆ ನಾನಂತೂ ಹದ ಮಾಡಿಸದವರ ಹತ್ತಿರ ಹೋಗಬೇಡಿ ಅಂತಲೇ ಹೇಳುತ್ತೇನೆ.

2. ಹೊಟ್ಟೆ ಸೀಳುವಾಗ ಎದೆಮೂಳೆಯ ಹತ್ತಿರ ನಿಲ್ಲಿಸಿ

ಕತ್ತು ಸೀಳಬೇಡಿ, ಎದೆಯ ಮೇಲಿನ ಚರ್ಮ ಸೀಳಬೇಡಿ. ಗೋಡೆಯ ಮೇಲೆ ಎಲ್ಲರಿಗೂ ಕಾಣುವುದು ಅದೇ ಜಾಗ.

3. ಎಳೆಯುವುದು

ಕತ್ತಿಗೆ ಹಗ್ಗ ಬಿಗಿದು ಎಳೆಯಬೇಡಿ. ಜಿಂಕೆ ಕೂದಲು ಒಳಗೆ ಟೊಳ್ಳು, ಸುಲಭವಾಗಿ ಮುರಿಯುತ್ತದೆ. ಕೊಂಬಿಗೆ ಹಗ್ಗ ಕಟ್ಟಿ, ತಲೆ ಮತ್ತು ಭುಜ ನೆಲದಿಂದ ಮೇಲಿರುವಂತೆ ಎಳೆಯಿರಿ. ಪ್ಲಾಸ್ಟಿಕ್ ಸ್ಲೆಡ್ ಇದ್ದರೆ ಇನ್ನೂ ಒಳ್ಳೆಯದು.

4. ಕೇಪ್ ಸುಲಿಯುವುದು (ಎಲ್ಲರೂ ಎಡವುವುದು ಇಲ್ಲೇ)

ಕೇಪ್ ಅಂದರೆ ಭುಜದಿಂದ ಮೂಗಿನವರೆಗಿನ ಚರ್ಮ. ಮುಂಗಾಲಿನ ಹಿಂದೆ, ಪಕ್ಕೆಲುಬಿನ ಅರ್ಧದಲ್ಲಿ, ಮೈಸುತ್ತ ಒಂದು ಸುತ್ತು ಕೊಯ್ಯಿರಿ. ಅದಕ್ಕಿಂತ ಇನ್ನೂ ಹಿಂದಕ್ಕೆ ಹೋದರೂ ಪರವಾಗಿಲ್ಲ. ಜಾಸ್ತಿಯಾದ ಚರ್ಮವನ್ನು ಅವರು ಕತ್ತರಿಸಿಕೊಳ್ಳುತ್ತಾರೆ, ಕಡಿಮೆಯಾದರೆ ಬೇರೆ ಜಿಂಕೆಯ ಕೇಪ್ ಕೊಂಡುಕೊಳ್ಳಬೇಕು, ಅದರ ದುಡ್ಡು ಬೇರೆ. ಮುಂಗಾಲಿನ ಮಂಡಿಯ ಮೇಲೆ ಒಂದೊಂದು ಸುತ್ತು ಕೊಯ್ದು, ಅಲ್ಲಿಂದ ಕಾಲಿನ ಹಿಂಬದಿಯಲ್ಲೇ ಮೇಲೆ ಬಂದು ಮೈಸುತ್ತಿನ ಕೊಯ್ತಕ್ಕೆ ಸೇರಿಸಿ. ಚಾಕುವಿನ ಬಾಯಿ ಮೇಲ್ಮುಖವಾಗಿರಲಿ, ಚರ್ಮದ ಒಳಗಿನಿಂದ ಕೊಯ್ಯಿರಿ. ಹಾಗೆ ಮಾಡಿದರೆ ಕೂದಲು ತುಂಡಾಗದೆ ಪಕ್ಕಕ್ಕೆ ಸರಿಯುತ್ತದೆ.

ಆಮೇಲೆ ಸ್ವೆಟರ್ ಬಿಚ್ಚುವ ಹಾಗೆ ಚರ್ಮವನ್ನು ತಲೆಯ ಕಡೆಗೆ ಎಳೆಯುತ್ತಾ ಬನ್ನಿ, ಅಂಟಿಕೊಂಡಲ್ಲಿ ಮಾತ್ರ ಚಾಕು. ದವಡೆಯ ಹಿಂದೆ, ತಲೆಬುರುಡೆ ಸೇರುವ ಕೀಲಿನವರೆಗೆ ಬಂದರೆ ಸಾಕು. ಅಲ್ಲಿ ಕತ್ತು ಕತ್ತರಿಸಿ, ತಲೆಯನ್ನು ಚರ್ಮದೊಳಗೇ ಬಿಡಿ. ಮುಖ ಸುಲಿಯಲು ಹೋಗಬೇಡಿ, ದಯವಿಟ್ಟು. ಯೂಟ್ಯೂಬ್ ನೋಡಿ ಕಣ್ಣಿನ ರೆಪ್ಪೆ, ತುಟಿ ಬಿಡಿಸಲು ಹೋಗಿ ಹರಿದು ತಂದವರು ಪ್ರತಿ ವರ್ಷ ಇರುತ್ತಾರೆ.

5. ತಣ್ಣಗಿಡಿ, ಒಣಗಿಡಿ

ಬಿಸಿ ಮತ್ತು ತೇವ ಸೇರಿದರೆ ಬ್ಯಾಕ್ಟೀರಿಯಾ ಬೆಳೆದು ಕೂದಲಿನ ಬುಡ ಸಡಿಲಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿಲ್ಲಿನಲ್ಲಿ ಹೊಡೆಯುವವರಿಗೆ ಈ ಅಪಾಯ ಇನ್ನೂ ಜಾಸ್ತಿ. ಕೂಲರ್‌ನಲ್ಲಿ ಬಿಡಿ ಐಸ್ ಹಾಕಿದರೆ ಕರಗಿದ ನೀರಲ್ಲಿ ಚರ್ಮ ನೆನೆಯುತ್ತದೆ. ನೀರು ತುಂಬಿ ಗಟ್ಟಿ ಮಾಡಿದ ಬಾಟಲಿ ಇಡಿ. ಬಿಸಿ ಆರುವ ಮೊದಲು ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ. ಅವತ್ತೋ ಮರುದಿನವೋ ಅಂಗಡಿಗೆ ಮುಟ್ಟಿಸಿ, ಆಗದಿದ್ದರೆ ಆರಿದ ಮೇಲೆ ಸುತ್ತಿ ಚೀಲದಲ್ಲಿ ಹಾಕಿ ಫ್ರೀಜರ್‌ಗೆ. ಉಪ್ಪು ಹಚ್ಚಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಮುಖದ ಮಾಂಸ ತೆಗೆಯದೆ, ಕಿವಿ ಮಗುಚದೆ ಉಪ್ಪು ಹಾಕಿದರೆ ಅದು ಒಳಗೆ ಇಳಿಯುವುದಿಲ್ಲ, ಮೇಲಾಗಿ ಉಪ್ಪು ಹಚ್ಚಿದ ಚರ್ಮ ಫ್ರೀಜರ್‌ನಲ್ಲಿ ಸರಿಯಾಗಿ ಗಟ್ಟಿಯಾಗುವುದೂ ಇಲ್ಲ.

6. ಕಾಗದಪತ್ರ

ಜಿಂಕೆ ಕೈಗೆ ಸಿಕ್ಕ ಮರುದಿನ ಸಂಜೆ 5ರೊಳಗೆ ಗೇಮ್‌ರೆಜ್‌ನಲ್ಲಿ (ಬೇಟೆ ನೋಂದಣಿಯ ಸರ್ಕಾರಿ ವ್ಯವಸ್ಥೆ) ನೋಂದಾಯಿಸಿ, ಆ ನಂಬರ್ ಅಂಗಡಿಯವರಿಗೆ ಕೊಡಿ. ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಜಿಂಕೆಗಳ ಮಿದುಳಿಗೆ ತಗಲುವ ಮಾರಕ ರೋಗ) ವಿಸ್ಕಾನ್ಸಿನ್‌ನಲ್ಲಿ 2002ರಲ್ಲೇ ಪತ್ತೆಯಾಗಿದೆ. ಪರೀಕ್ಷೆಗೆ ಬೇಕಾದ ಗ್ರಂಥಿ ಇರುವುದು ಗಂಟಲಲ್ಲಿ, ಆದ್ದರಿಂದ ಸ್ಯಾಂಪಲ್ ತೆಗೆಯುವವರಿಗೆ ಮೌಂಟ್ ಮಾಡಿಸುತ್ತೇನೆ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಚರ್ಮ ಸೀಳಿಬಿಡುತ್ತಾರೆ. ಪಕ್ಕದ ಮಿನೆಸೋಟ ರಾಜ್ಯದಿಂದ ಬಂದು ಇಲ್ಲಿ ಬೇಟೆಯಾಡುವವರು ಇಡೀ ತಲೆಯನ್ನು ಹಾಗೇ ಗಡಿ ದಾಟಿಸುವಂತಿಲ್ಲ. ಮಿದುಳು ತೆಗೆದು ಸ್ವಚ್ಛ ಮಾಡಿದ ಕೊಂಬಿನ ತುಂಡು, ತಲೆಯಿಲ್ಲದ ಚರ್ಮ ಒಯ್ಯಬಹುದು. ಅದಕ್ಕೇ ಅವರು ಇಲ್ಲಿಯ ಅಂಗಡಿಗೇ ಕೊಟ್ಟು ಹೋಗುವುದು ವಾಸಿ.

7. ಟರ್ಕಿ ಆದರೆ

ವಸಂತದ ಟರ್ಕಿಯನ್ನು ಪೂರ್ತಿ ಮೌಂಟ್ ಮಾಡಿಸುವುದಾದರೆ ಹೊಟ್ಟೆ ಸೀಳಬೇಡಿ, ಪುಕ್ಕ ಕೀಳಬೇಡಿ. ಒದ್ದಾಡುವಾಗಲೇ ಗರಿ ಮುರಿಯುವುದು, ಹಾಗಾಗಿ ಬಿದ್ದ ಕೂಡಲೇ ಓಡಿಹೋಗಿ ಹಿಡಿಯಿರಿ. ಬಾಯಿಗೆ, ಗಾಯಕ್ಕೆ ಹತ್ತಿ ತುರುಕಿ, ರಕ್ತ ಒತ್ತಿ ಒರೆಸಿ. ತಲೆ ಮತ್ತು ಕಾಲಿಗೆ ಒದ್ದೆ ಪೇಪರ್ ಟವೆಲ್ ಸುತ್ತಿ, ತಲೆಯನ್ನು ರೆಕ್ಕೆಯಡಿ ಇಟ್ಟು, ಗರಿ ನೇರವಾಗಿರುವಂತೆ ಚೀಲದಲ್ಲಿ ಹಾಕಿ ಫ್ರೀಜ್ ಮಾಡಿ. ಬಾಲದ ಬೀಸಣಿಗೆ ಮಾತ್ರ ಸಾಕಾದರೆ ಅಂಗಡಿಯೇ ಬೇಡ. ಬುಡದ ಕೊಬ್ಬು ಪೂರ್ತಿ ಕೆರೆದು, ಬೋರಾಕ್ಸ್ (ಬಿಳಿಗಾರ) ಹಚ್ಚಿ, ರಟ್ಟಿನ ಮೇಲೆ ಹರಡಿ ಪಿನ್ ಚುಚ್ಚಿ ಒಣಗಿಸಿ. ಕೊಬ್ಬು ಉಳಿದರೆ ಹುಳ ಬೀಳುತ್ತದೆ.

8. ಕಾಯುವುದು

ಅಡ್ವಾನ್ಸ್ ಕೊಡಿ, ರಸೀದಿ ಬರೆಸಿಕೊಳ್ಳಿ, ಒಂದು ವರ್ಷ ಹಿಡಿದರೆ ಗಾಬರಿಯಾಗಬೇಡಿ. ಚರ್ಮ ಹದವಾಗಿ ಬರಲೇ ತಿಂಗಳುಗಳು ಬೇಕು. ಮೈಸೂರಿನಲ್ಲಿ 1900ರಿಂದ 1999ರವರೆಗೆ ನಡೆದ ವ್ಯಾನ್ ಇಂಗೆನ್ ಟ್ಯಾಕ್ಸಿಡರ್ಮಿ ಕಂಪನಿ ಹುಲಿ, ಚಿರತೆಗಳಿಗೆ ಕಾಗದದ ಅಚ್ಚು ಬಳಸುತ್ತಿತ್ತು. ಈಗ ಫೋಮ್ ಅಚ್ಚು ಅಳತೆಗೆ ಸಿದ್ಧವಾಗಿ ಸಿಗುತ್ತದೆ, ಆದರೆ ಕಣ್ಣು ಕೂರಿಸುವುದು, ರೆಪ್ಪೆ ಎಳೆಯುವುದು ಇವತ್ತಿಗೂ ಕೈಕೆಲಸವೇ. ಮೂರು ವಾರದಲ್ಲಿ ಕೊಡುತ್ತೇನೆ ಅನ್ನುವವರ ಹತ್ತಿರ ಕೊಡಬೇಡಿ.

ಮನೆಗೆ ತಂದ ಮೇಲೆ ಫೈರ್‌ಪ್ಲೇಸ್ ಮೇಲೆ ಮಾತ್ರ ನೇತುಹಾಕಬೇಡಿ, ಬಿಸಿಗೆ ಚರ್ಮ ಒಣಗಿ ಕಣ್ಣಿನ ಸುತ್ತ ಬಿರುಕು ಬಿಡುತ್ತದೆ. ನೇರ ಬಿಸಿಲು ಬೀಳುವ ಗೋಡೆಯೂ ಬೇಡ, ಕೂದಲಿನ ಬಣ್ಣ ಹೋಗುತ್ತದೆ. ಧೂಳು ಒರೆಸುವಾಗ ಯಾವಾಗಲೂ ಕೂದಲು ಬೆಳೆದ ದಿಕ್ಕಿಗೇ ಒರೆಸಿ.