ಸಂಜೆಯೊಳಗೆ ತಂಬಿಗೆ ಬರಿದಾಗಬೇಕು

ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಹಿರಿಯರ ಪಕ್ಕ ತುಂಬಿದ ತಂಬಿಗೆ ಇಟ್ಟು, ‘ಬಾಯಾರಿದರೆ ಕುಡಿಯಿರಿ’ ಎಂದು ಕೆಲಸಕ್ಕೆ ಹೊರಡುವವರನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಸಂಜೆಗೂ ತಂಬಿಗೆ ತುಂಬಿಯೇ ಇರುತ್ತದೆ. ವಯಸ್ಸಾದಂತೆ ಬಾಯಾರಿಕೆಯೇ ಸರಿಯಾಗಿ ತಿಳಿಯುವುದಿಲ್ಲ. ನೀರನ್ನು ಹಿಡಿದಿಡುವ ಮೂತ್ರಪಿಂಡಗಳ ಶಕ್ತಿಯೂ ಕುಗ್ಗುತ್ತದೆ.

ಮೊದಲು ವೈದ್ಯರನ್ನು ಕೇಳಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ದಿನಕ್ಕೆ ಇಷ್ಟೇ ನೀರೆಂಬ ಮಿತಿ ಇರಬಹುದು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ನಂತರದ್ದು ಕುಡಿಸುವ ಕೆಲಸ. ಎಲ್ಲರೂ ಸೋಲುವುದು ಇಲ್ಲಿಯೇ. ಹಿರಿಯರು ‘ಬೇಡ’ ಎನ್ನುವುದಕ್ಕೆ ಹೆಚ್ಚಿನ ವೇಳೆ ಕಾರಣ ಶೌಚಾಲಯದ ಭಯ: ರಾತ್ರಿ ಎಷ್ಟು ಸಲ ಏಳಬೇಕೋ, ಕತ್ತಲಲ್ಲಿ ಎಲ್ಲಿ ಬೀಳುತ್ತೇನೋ, ಯಾರನ್ನು ಎಬ್ಬಿಸಲಿ? ಗದರಿದರೆ ಈ ಭಯ ಹೋಗುವುದಿಲ್ಲ. ಶೌಚಾಲಯದ ದಾರಿಯಲ್ಲಿ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ, ಗೋಡೆಗೆ ಹಿಡಿದುಕೊಳ್ಳಲು ಸರಳು ಹಾಕಿಸಿ. ನೀರಿನ ಹೆಚ್ಚಿನ ಪಾಲು ಸಂಜೆ ಆರರೊಳಗೆ ಮುಗಿಯಲಿ. ಎದ್ದ ಕೂಡಲೇ ಒಂದು ಲೋಟ, ಬೆಳಗಿನ ಮಾತ್ರೆಗೆ ಗುಟುಕಿನ ಬದಲು ಪೂರ್ತಿ ಲೋಟ, ಆಮೇಲೆ ಗಂಟೆಗೊಮ್ಮೆ ಅರ್ಧ ಲೋಟ. ದೊಡ್ಡ ಲೋಟ ಕಂಡರೇ ಅವರಿಗೆ ಸಾಕೆನಿಸುತ್ತದೆ. ಕೈ ನಡುಗುವವರಿಗೆ ಹಿಡಿಕೆಯ ಕಪ್ಪು ಕೊಡಿ. ಲೋಟವನ್ನು ಕೈಗೇ ಕೊಟ್ಟು, ನೀವೂ ಒಂದು ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಿ. ದೂರದಲ್ಲಿದ್ದರೆ ಮಧ್ಯಾಹ್ನ ಫೋನ್ ಮಾಡಿ, ಮಾತಿನ ನಡುವೆಯೇ ಕುಡಿಸಿ.

ಬರೀ ನೀರೇ ಆಗಬೇಕಿಲ್ಲ. ತೆಳು ಮಜ್ಜಿಗೆಗೆ ಸಮ ಬೇರೊಂದಿಲ್ಲ, ಉಪ್ಪು ಮಾತ್ರ ಹಿತಮಿತವಾಗಿರಲಿ. ಅಂಬಲಿ, ತಿಳಿಸಾರು, ಕಲ್ಲಂಗಡಿ, ಚಹಾ ಕೂಡ ಲೆಕ್ಕಕ್ಕೆ ಸೇರುತ್ತವೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ವಾಂತಿಭೇದಿಯಾದರೆ ಓಆರ್‌ಎಸ್ (ನೀರಿಗೆ ಬೆರೆಸುವ ಉಪ್ಪು, ಸಕ್ಕರೆಯ ಪುಡಿ) ಬೇಕು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೇ ಬೆರೆಸಿ, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಲೋಟಕ್ಕೆ ಅಂದಾಜಿನಲ್ಲಿ ಸುರಿಯುವ ಅಡ್ಡದಾರಿಯನ್ನು ದಯವಿಟ್ಟು ಬಿಡಿ: ಉಪ್ಪು, ಸಕ್ಕರೆಯ ಪ್ರಮಾಣ ತಪ್ಪುತ್ತದೆ. ಅಂಗಡಿಯಲ್ಲಿ ಅದರ ಸಾಲಿನಲ್ಲೇ ಮಾರಾಟಕ್ಕಿಡುವ ಬಣ್ಣದ ಸಿಹಿ ಪಾನೀಯಗಳು ಓಆರ್‌ಎಸ್‌ಗೆ ಬದಲಿಯಾಗುವುದಿಲ್ಲ.

ಮೈಯಲ್ಲಿ ನೀರು ಕಡಿಮೆಯಾಗಿದೆಯೇ ಎಂದು ಕೈಯ ಚರ್ಮ ಚಿವುಟಿ ನೋಡುವ ಪರೀಕ್ಷೆ ಹಿರಿಯರಲ್ಲಿ ನಂಬಿಕೆಗೆ ತಕ್ಕದ್ದಲ್ಲ, ವಯಸ್ಸಿಗೇ ಚರ್ಮ ಸಡಿಲವಾಗಿರುತ್ತದೆ. ನಾಲಿಗೆ ಒಣಗಿದೆಯೇ, ಮೂತ್ರ ಗಾಢ ಹಳದಿಯೇ, ಎದ್ದು ನಿಂತರೆ ತಲೆ ಸುತ್ತುತ್ತದೆಯೇ ನೋಡಿ. ಮಾತು ತಡವರಿಸಿದರೆ, ಇದ್ದಕ್ಕಿದ್ದಂತೆ ಗೊಂದಲಗೊಂಡರೆ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.