ರೋಗಿಯ ದಿನಚರಿಗೆ ಹೊಂದುವ ಚಿಕಿತ್ಸೆ: ಪಿಎಚ್‌ಸಿ ಮತ್ತು ನರ್ಸಿಂಗ್ ಹೋಂಗಳಲ್ಲಿ ಎಲ್ಲಿಂದ ಶುರು ಮಾಡಬೇಕು

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಸಾಕುವ ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ನಿದ್ದೆಯಿಂದ) ಎದ್ದಿತೆಂದರೆ ಮುಂದಿನ ಏಳೆಂಟು ದಿನ ಯಾರೂ ಊರು ಬಿಡುವುದಿಲ್ಲ. ಹಗಲು ರಾತ್ರಿ ಸೊಪ್ಪು ಹಾಕಬೇಕು, ಆಮೇಲೆ ಹಣ್ಣಾದ ಹುಳು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಬಿಪಿ ತೋರಿಸಲು ಅದೇ ವಾರದ ದಿನಾಂಕ ಬರೆದುಕೊಟ್ಟರೆ ರೋಗಿ ಬರುವುದಿಲ್ಲ, ಮಾತ್ರೆ ಮುಗಿಯುತ್ತದೆ, ರಿಜಿಸ್ಟರಿನಲ್ಲಿ ‘ಚಿಕಿತ್ಸೆ ಬಿಟ್ಟವರು’ ಎಂದು ಹೆಸರು ಸೇರುತ್ತದೆ. ‘ನಿಮಗೆ ಯಾವಾಗ ಬಿಡುವು?’ ಎಂದು ಮೊದಲೇ ಕೇಳಿದ್ದರೆ ಇದು ತಪ್ಪುತ್ತಿತ್ತು. ಚಿಕಿತ್ಸೆ ಆಸ್ಪತ್ರೆಯ ಗಡಿಯಾರ ನೋಡಿಕೊಂಡಲ್ಲ, ರೋಗಿಯ ದಿನ ನೋಡಿಕೊಂಡು ನಡೆಯಬೇಕು. ಮುಂದಿನ ಸಲಹೆಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು.

ಸಾಲಿನಲ್ಲಿ

ಬಯಲುಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಸುಮಾರು 30,000 ಜನರ ಹೊಣೆ. ಸಂತೆಯ ದಿನ ಸಾಲು ಗೇಟಿನವರೆಗೂ ಬರುತ್ತದೆ. ಚೀಟಿ ಬರೆಯುವವರ ಪಕ್ಕದಲ್ಲಿ ಒಬ್ಬ ಸಿಸ್ಟರ್ ನಿಂತು, ಬಂದವರ ಮುಖ ನೋಡಿ, ಒಂದು ಮಾತು ಕೇಳಬೇಕು. ಎದೆನೋವು, ಏದುಸಿರು, ಬಾಯಿ ಸೊಟ್ಟಗಾಗುವುದು, ಹಾವು ಕಡಿತ, ತಲೆನೋವು ಅಥವಾ ಕಣ್ಣು ಮಂಜೆನ್ನುವ ಗರ್ಭಿಣಿ, ಜ್ವರದಲ್ಲಿ ಜೋಲು ಬಿದ್ದ ಮಗು: ಇವರಾರೂ ಸಾಲಿನಲ್ಲಿ ನಿಲ್ಲಬಾರದು.

ಇಲ್ಲಿ ಹೆಚ್ಚಾಗಿ ಕೈತಪ್ಪುವುದು ‘ಗ್ಯಾಸ್ಟ್ರಿಕ್’ ಎಂದು ಬರುವವರು. ಬೆವರು, ಎಡಗೈ ಅಥವಾ ದವಡೆಯ ಸೆಳೆತ, ಹೇಳಲಾಗದ ಸುಸ್ತು ಜೊತೆಗಿದ್ದರೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದ ಹೆಂಗಸರಲ್ಲಿ ಎದೆನೋವೇ ಇಲ್ಲದೆಯೂ ಹೃದಯಾಘಾತ ಆಗುತ್ತದೆ. ಯಂತ್ರ ಇಲ್ಲದಿದ್ದರೆ ಮಾತ್ರೆ ಕೊಟ್ಟು ಮನೆಗೆ ಕಳಿಸದೆ 108ಕ್ಕೆ ಫೋನ್ ಮಾಡಿ. ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಕೊಡುವ, 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಯಾವ ತಾಲ್ಲೂಕು ಆಸ್ಪತ್ರೆಯಲ್ಲಿದೆ, ಅಲ್ಲಿಯ ನಂಬರ್ ಏನು ಎಂಬುದು ಗೋಡೆಯ ಮೇಲಿರಲಿ.

ಮೊದಲ ಎರಡು ನಿಮಿಷ

ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ನೂರು ಚೀಟಿ ಕಾಯುತ್ತಿರುವಾಗ ಇಲ್ಲಿಯೂ ಆ ಆತುರ ಸಹಜ. ಆದರೂ ಸುಮ್ಮನೆ ಕೇಳಿಸಿಕೊಂಡರೆ ಬಹುತೇಕರ ಮಾತು ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ‘ಇನ್ನೇನಾದರೂ ಇದೆಯಾ?’ ಎಂಬುದನ್ನು ಚೀಟಿ ಬರೆಯುವ ಮುಂಚೆಯೇ ಕೇಳಿ. ಇಲ್ಲದಿದ್ದರೆ ನಿಜವಾದ ತೊಂದರೆ ಬಾಗಿಲ ಹತ್ತಿರ ತಿರುಗಿ ನಿಂತಾಗ ಹೊರಗೆ ಬರುತ್ತದೆ, ಆಗ ಮುಂದಿನವರು ಒಳಗೆ ಬಂದಿರುತ್ತಾರೆ.

ಒಂದೇ ಕೋಣೆಯಲ್ಲಿ ನಾಲ್ಕು ಜನರನ್ನು ನಿಲ್ಲಿಸಿಕೊಂಡು ನೋಡುವ ಅಭ್ಯಾಸ ಬಿಡಲೇಬೇಕು. ಬಿಳಿಮುಟ್ಟು, ಮೂತ್ರ ಸೋರುವುದು, ಗಂಡನ ಕುಡಿತ, ಇವನ್ನು ಯಾರೂ ಅಕ್ಕಪಕ್ಕದವರ ಮುಂದೆ ಹೇಳುವುದಿಲ್ಲ. ಎರಡು ಕಂಬಿ, ಒಂದು ಪರದೆ ಸಾಕು. ಟಿಬಿ ಮಾತ್ರೆಯವರ ಹೆಸರನ್ನು ಕಾರಿಡಾರಿನಲ್ಲಿ ಕೂಗುವುದೂ ನಿಲ್ಲಲಿ. ‘ಏನಮ್ಮಾ, ನಿನಗೇನು?’ ಎನ್ನುವ ಕಡೆ ‘ಅಜ್ಜಿ, ಏನಾಗ್ತಿದೆ ಹೇಳಿ’ ಅನ್ನಲು ಖರ್ಚೇನೂ ಇಲ್ಲ. ಏಕವಚನ ಕೇಳಿದವರು ಮುಂದಿನ ಸಲ ಅರ್ಧ ವಿಷಯ ಮುಚ್ಚಿಡುತ್ತಾರೆ.

ಬಾಗೇಪಲ್ಲಿ, ಮುಳಬಾಗಿಲು, ಪಾವಗಡದಲ್ಲಿ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಪೇಟೆಗಳಲ್ಲಿ ಉರ್ದು. ಸಿಬ್ಬಂದಿಯಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆ ಎಂದು ಒಂದು ಪಟ್ಟಿ ಮಾಡಿಡಿ. ಜೊತೆಗೆ ಬಂದ ಮಗುವಿನಿಂದ ಅನುವಾದ ಮಾಡಿಸಬೇಡಿ. ಅಮ್ಮನ ರಕ್ತಸ್ರಾವದ ವಿಷಯವನ್ನು ಹತ್ತು ವರ್ಷದ ಹುಡುಗ ಹೇಳಲಾರ, ಹೇಳಬಾರದು.

ಬಿಪಿ, ಮಾತ್ರೆ, ಮುದ್ದೆ

ಬಸ್ ಇಳಿದು ನಡೆದು ಬಂದವರಿಗೆ ತಕ್ಷಣ ಪಟ್ಟಿ ಸುತ್ತಿದರೆ ಬಿಪಿ ಹೆಚ್ಚೇ ತೋರಿಸುತ್ತದೆ. ಐದು ನಿಮಿಷ ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರಿಸಿ. ಮೂತ್ರಕ್ಕೆ ಹೋಗಿ ಬರಲಿ. ಪಾದ ನೆಲದ ಮೇಲೆ, ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕೆ, ಬಾಯಿ ಮುಚ್ಚಿ. ಅರ್ಧ ಗಂಟೆ ಮೊದಲಿಂದ ಕಾಫಿ, ಟೀ, ಬೀಡಿ ಬೇಡ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಸುಳ್ಳು ಏರಿಕೆ ಬರುತ್ತದೆ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನು ಮುಚ್ಚಬೇಕು. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಿ. ಈ ಕೆಲಸ ಕಾಯುವ ಜಾಗದಲ್ಲೇ ಮುಗಿದರೆ ವೈದ್ಯರ ಸಮಯ ಉಳಿಯುತ್ತದೆ, ಬೇಡದ ಎರಡನೇ ಮಾತ್ರೆಯೂ ತಪ್ಪುತ್ತದೆ.

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ತರಲು ಹೇಳಿ, ಮೇಜಿನ ಮೇಲೆ ಸುರಿದು ನೋಡಿ. ಸಾಮಾನ್ಯವಾಗಿ ಸಿಕ್ಕುವ ತೊಡಕು ಎರಡು. ಮೊದಲನೆಯದು, ಪಿಎಚ್‌ಸಿ ಕೊಟ್ಟ ಬಿಪಿ ಮಾತ್ರೆ ಆಮ್ಲೋಡಿಪಿನ್ ಮತ್ತು ಖಾಸಗಿಯವರು ಬರೆದ ಬೇರೆ ಹೆಸರಿನ ಅದೇ ಆಮ್ಲೋಡಿಪಿನ್, ಎರಡನ್ನೂ ನುಂಗುತ್ತಿರುವುದು. ಪಾದ ಊದುತ್ತದೆ, ಕಿಡ್ನಿ ಹೋಯಿತೆಂದು ಮನೆಯವರು ಹೆದರುತ್ತಾರೆ. ಎರಡನೆಯದು ಮೆಡಿಕಲ್ ಶಾಪಿನ ನೋವಿನ ಮಾತ್ರೆ ಡೈಕ್ಲೋಫಿನಾಕ್. ಫ್ಲೋರೈಡ್ ನೀರಿನ ಈ ಜಿಲ್ಲೆಗಳಲ್ಲಿ ಆ ನೀರು ಕುಡಿದು ಸೊಂಟ, ಮಂಡಿ ಬಿಗಿದವರು ತಿಂಗಳುಗಟ್ಟಲೆ ಅದನ್ನು ತಿನ್ನುತ್ತಾರೆ. ಅದು ಬಿಪಿ ಏರಿಸುತ್ತದೆ, ಕಿಡ್ನಿಯನ್ನು ಕೆಡಿಸುತ್ತದೆ. ಮಾತ್ರೆ ಬಿಡಿಸಿದರಷ್ಟೇ ಸಾಲದು, ನೋವಿಗೆ ಬೇರೆ ದಾರಿ ಹೇಳಿ. ಕುಡಿಯುವ ನೀರು ಬೋರ್‌ವೆಲ್ಲಿನದೋ ಶುದ್ಧ ನೀರಿನ ಘಟಕದ್ದೋ ಎಂದೂ ಕೇಳಿ.

‘ಅನ್ನ ಬಿಟ್ಟು ಮುದ್ದೆ ತಿನ್ನಿ’ ಎಂಬ ಸಲಹೆ ಅರ್ಧ ಮಾತ್ರ ಸರಿ. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಎರಡು ದೊಡ್ಡ ಮುದ್ದೆ ತಿಂದು ಸಕ್ಕರೆ ಏಕೆ ಇಳಿಯಲಿಲ್ಲ ಎನ್ನುವವರಿಗೆ ಮುದ್ದೆಯ ಗಾತ್ರವನ್ನು ಅವರ ಕೈಯಲ್ಲೇ ತೋರಿಸಲು ಹೇಳಿ. ಒಂದು ಮುದ್ದೆ ಇಳಿಸಿ, ಬಸ್ಸಾರಿನ ಸೊಪ್ಪು, ಕಾಳು ಹೆಚ್ಚಿಸಿ ಎಂದರೆ ಮನೆಯವರು ಒಪ್ಪುತ್ತಾರೆ. ಓಟ್ಸ್ ಎಂದು ಬರೆದುಕೊಟ್ಟರೆ ಚೀಟಿ ಗೋಡೆಯ ಮೊಳೆಯಲ್ಲಿಯೇ ಉಳಿಯುತ್ತದೆ.

ಸುಸ್ತಿಗೆ ಗ್ಲೂಕೋಸ್ ಬಾಟಲಿ ಹಾಕಿ ಎನ್ನುವವರನ್ನು ಗದರಬೇಡಿ. 5% ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ, ಅಂದರೆ ಐದಾರು ಟೀ ಚಮಚ ಸಕ್ಕರೆಯಷ್ಟು ಎಂದು ಹೇಳಿ. ಹಾಗೆಯೇ ಸುಸ್ತಿನ ಕಾರಣ ಹುಡುಕಿ, ಹಿಮೋಗ್ಲೋಬಿನ್ ಮೊದಲು.

ಕೊನೆಯಲ್ಲಿ ‘ಅರ್ಥ ಆಯ್ತಾ?’ ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಬದಲಿಗೆ ‘ಮನೆಗೆ ಹೋಗಿ ಸೊಸೆಗೆ ಏನು ಹೇಳ್ತೀರಿ, ನನಗೆ ಹೇಳಿ’ ಎಂದು ಕೇಳಿ. ತಪ್ಪಿದರೆ ನಾವು ಹೇಳಿದ ರೀತಿ ಬದಲಾಗಬೇಕು. ‘ಊಟಕ್ಕೆ ಅರ್ಧ ಗಂಟೆ ಮುಂಚೆ’ ಎನ್ನುವುದಕ್ಕಿಂತ ‘ಡೈರಿಗೆ ಹಾಲು ಹಾಕಿ ಬಂದ ತಕ್ಷಣ’ ಎಂದರೆ ನೆನಪಿರುತ್ತದೆ.

ನರ್ಸಿಂಗ್ ಹೋಂಗಳಲ್ಲಿ

ಜಗಳ ಹುಟ್ಟುವುದು ಬಹುಪಾಲು ಬಿಲ್ಲಿನಲ್ಲಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ ಮತ್ತು ಅದರ 2017ರ ತಿದ್ದುಪಡಿ ಪ್ರಕಾರ ದರಪಟ್ಟಿ ಕಾಣುವಂತೆ ಹಾಕಬೇಕು, ತುರ್ತು ಚಿಕಿತ್ಸೆಗೆ ಅಡ್ವಾನ್ಸ್ ಕಾಯುವಂತಿಲ್ಲ, ಬಾಕಿಗಾಗಿ ಶವವನ್ನು ಹಿಡಿದಿಡುವಂತಿಲ್ಲ. ದರಪಟ್ಟಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ. ಅದಕ್ಕಿಂತ ಉಪಯೋಗದ್ದು, ಪ್ರತಿದಿನ ಸಂಜೆ ‘ಇವತ್ತಿಗೆ ಇಷ್ಟಾಯಿತು, ನಾಳೆ ಇಷ್ಟಾಗಬಹುದು’ ಎಂದು ಮನೆಯವರಿಗೆ ಹೇಳುವುದು. ದಾಖಲೆಯ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು.

ರಾತ್ರಿ ಪಾಳಿಯವರು ಮನೆಗೆ ಹೋಗುವ ಆತುರದಲ್ಲಿ ನಾಲ್ಕು ಗಂಟೆಗೇ ಲೈಟ್ ಹಾಕಿ ಬಿಪಿ ನೋಡುವ ಪದ್ಧತಿ ಅನೇಕ ಕಡೆ ಇದೆ. ಸ್ಥಿರವಾಗಿರುವವರಿಗೆ ಅದು ಬೇಡ, ಆರರ ನಂತರ ಮಾಡಿ. ಹಾಸಿಗೆ ಹಿಡಿದವರಿಗೆ ಒತ್ತಡದ ಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸಮಯ, ಎಡ, ಬಲ ಎಂದು ಹಾಸಿಗೆಯ ಬಳಿ ಕಾಗದ ತೂಗುಹಾಕಿ. ರಬ್ಬರ್ ಬಳೆಯಂಥ ದಿಂಬು ಸುತ್ತಲಿನ ರಕ್ತಸಂಚಾರ ತಡೆಯುತ್ತದೆ, ಬಳಸಬೇಡಿ. ಕೆಂಪಾದ ಚರ್ಮವನ್ನು ತಿಕ್ಕಬೇಡಿ. ಜೊತೆಗಿರುವ ಮಗಳಿಗೋ ಸೊಸೆಗೋ ಇದನ್ನು ಮಾಡಿ ತೋರಿಸಿ, ಮನೆಯಲ್ಲಿ ಮುಂದುವರಿಸುವವರು ಅವರೇ.

ದೊಡ್ಡ ಕಾಯಿಲೆ ಎಂದಾಗ ಮಗ ಬಂದು ‘ಅಪ್ಪನಿಗೆ ಹೇಳಬೇಡಿ’ ಎನ್ನುತ್ತಾನೆ. ಒಪ್ಪಿಕೊಳ್ಳುವ ಮೊದಲು ರೋಗಿಯನ್ನೇ ಕೇಳಿ: ‘ರಿಪೋರ್ಟ್ ವಿಷಯ ನಿಮಗೆ ಹೇಳಲಾ, ಮಗನ ಜೊತೆ ಮಾತಾಡಲಾ?’ ಉತ್ತರ ಏನಿದ್ದರೂ ಕೇಸ್ ಶೀಟಿನಲ್ಲಿ ಬರೆಯಿರಿ. ಆಪರೇಷನ್ನಿನ ಒಪ್ಪಿಗೆ ಪತ್ರವನ್ನು ಥಿಯೇಟರ್ ಬಾಗಿಲಲ್ಲಿ ಹಿಡಿಯದೆ ಹಿಂದಿನ ದಿನವೇ ಓದಿ ಹೇಳಿ.

ಬಿಡುಗಡೆಯ ಮಾತು ಬೆಳಿಗ್ಗೆ ರೌಂಡ್ಸಿನಲ್ಲಿ ಬಂದು, ಬಿಲ್ ಸಂಜೆ ಆರಕ್ಕೆ ಸಿಕ್ಕರೆ ಗುಡಿಬಂಡೆಯ ಹಳ್ಳಿಗೆ ಕೊನೆಯ ಬಸ್ ಹೋಗಿರುತ್ತದೆ. ಹಿಂದಿನ ರಾತ್ರಿಯೇ ಹೇಳಿ, ಮಧ್ಯಾಹ್ನದೊಳಗೆ ಮುಗಿಸಿ. ಇಂಗ್ಲಿಷ್ ಸಾರಾಂಶದ ಜೊತೆ ಕನ್ನಡದಲ್ಲಿ ಅರ್ಧ ಪುಟ ಕೊಡಿ: ಯಾವ ಮಾತ್ರೆ ಯಾತಕ್ಕೆ, ಯಾವುದು ನಿಲ್ಲಿಸಿದೆ, ಏನಾದರೆ ತಕ್ಷಣ ಬರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು. ಅದರ ಒಂದು ಪ್ರತಿ ಊರಿನ ಆಶಾ ಕಾರ್ಯಕರ್ತೆಗೆ ತಲುಪಿಸಲು ರೋಗಿ ಒಪ್ಪುತ್ತಾರೆಯೇ ಕೇಳಿ.

ಎಣಿಸುವುದು

ದೂರಿನ ಪೆಟ್ಟಿಗೆ ಖಾಲಿಯೇ ಇರುತ್ತದೆ. ಬರೆಯಲು ಬಾರದವರು ಹಲವರು, ಮತ್ತೆ ಇಲ್ಲಿಗೇ ಬರಬೇಕಲ್ಲ ಎಂದು ಹೆದರುವವರು ಹಲವರು. ತಿಂಗಳಿಗೊಂದು ದಿನ ಸಮವಸ್ತ್ರ ಇಲ್ಲದ ಒಬ್ಬರು ಗೇಟಿನ ಹೊರಗೆ ಹತ್ತು ಜನರನ್ನು ಮೂರೇ ಪ್ರಶ್ನೆ ಕೇಳಲಿ: ಹೇಳಬೇಕೆಂದುಕೊಂಡಿದ್ದನ್ನು ಹೇಳಲು ಆಯಿತಾ? ಈ ಮಾತ್ರೆ ಯಾತಕ್ಕೆ? ಮುಂದೆ ಯಾವಾಗ ಬರಬೇಕು? ಎರಡನೆಯದಕ್ಕೆ ಹತ್ತರಲ್ಲಿ ನಾಲ್ಕು ಜನ ತಡವರಿಸಿದರೆ ಆ ತಿಂಗಳ ಕೆಲಸ ಫಾರ್ಮಸಿ ಕಿಟಕಿಯಲ್ಲಿದೆ. ಪಿಎಚ್‌ಸಿಯಲ್ಲಾದರೆ ಈ ಉತ್ತರಗಳನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಓದಿ. ಒಂದು ಸಲಕ್ಕೆ ಒಂದೇ ಬದಲಾವಣೆ ಹಿಡಿದು, ಅದಕ್ಕೆ ಒಬ್ಬರನ್ನು ಹೆಸರಿಟ್ಟು ಜವಾಬ್ದಾರರನ್ನಾಗಿ ಮಾಡಿ, ಮುಂದಿನ ಸಭೆಯ ಮೊದಲ ವಿಷಯವಾಗಿ ಅದನ್ನೇ ಇಡಿ.